ಸ್ವಿಸ್ ಟ್ರಾವೆಲ್ ಪಾಸ್: ಬೋಟ್ ಹತ್ತೋರಿಗೆ ದುಡ್ಡು ವಸೂಲ್

ಸ್ವಿಟ್ಜರ್ಲೆಂಡಿಗೆ ಹೊರಟವ್ರೆಲ್ಲಾ ಕೇಳೋದು ಒಂದೇ, ಅಷ್ಟು ದುಡ್ಡು ಕೊಟ್ಟು ಟೂರಿಸ್ಟುಗಳಿಗೆ ಅಂತಾನೇ ಇರೋ ಈ ಸ್ವಿಸ್ ಟ್ರಾವೆಲ್ ಪಾಸ್ ತಗೊಬೇಕಾ ಬೇಡ್ವಾ ಅಂತ. ಅಪ್ಪ ಅಮ್ಮನ್ನ ಕರ್ಕೊಂಡು ಲುಜರ್ನ್, ಇಂಟರ್ಲಾಕನ್, ಮಾಂಟ್ರೋ ಎಲ್ಲಾ ಸುತ್ತಿ ಬಂದ್ಮೇಲೆ ನಾನ್ ಹೇಳೋದು, ತಗೊಳ್ಳಿ, ಆದ್ರೆ ಬರೀ ಟ್ರೈನ್ ಟಿಕೆಟ್ ಅಂದ್ಕೊಂಡು ತಗೊಬೇಡಿ. ಟ್ರೈನು, ಹಳದಿ ಪೋಸ್ಟ್ ಬಸ್ಸು, ಊರೊಳಗಿನ ಟ್ರಾಮು ಇದೆಲ್ಲಾ ಪಾಸಲ್ಲೇ ಬರತ್ತೆ ಅಂತ ಎಲ್ರಿಗೂ ಗೊತ್ತು, ಕೆರೆ ಮೇಲೆ ಟೈಮ್‌ಟೇಬಲ್ ಪ್ರಕಾರ ಓಡೋ ಬೋಟುಗಳೂ ಅದ್ರಲ್ಲೇ ಬರತ್ತೆ ಅನ್ನೋದನ್ನ ಮಾತ್ರ ತುಂಬಾ ಜನ ಉಪಯೋಗಿಸ್ಕೊಳ್ಳೋದೇ ಇಲ್ಲ.

ಲುಜರ್ನಿಂದಾನೇ ಶುರು ಮಾಡಿ. ಸ್ಟೇಷನ್ನಿಂದ ಆಚೆ ಬಂದು ರಸ್ತೆ ದಾಟಿದ್ರೆ ಬೋಟ್ ನಿಲ್ಲೋ ಜಾಗ. ಈ ಕೆರೆಲಿ ಇವತ್ತಿಗೂ ಐದು ಹಳೇ ಸ್ಟೀಮರುಗಳು ಓಡ್ತವೆ, ಅದ್ರಲ್ಲಿ ಊರಿ ಅನ್ನೋದು 1901ರದ್ದು, ಮಧ್ಯದಲ್ಲಿ ನಿಂತು ಬಗ್ಗಿ ನೋಡಿದ್ರೆ ಇಂಜಿನ್ನಿನ ದೊಡ್ಡ ದೊಡ್ಡ ರಾಡುಗಳು ಎಣ್ಣೆ ಹೊಳಪಲ್ಲಿ ತಿರುಗೋದು ಕಾಣತ್ತೆ, ಅಪ್ಪ ಅಂತೂ ಬೆಟ್ಟ ನೋಡೋದು ಬಿಟ್ಟು ಅಲ್ಲೇ ನಿಂತ್ಬಿಟ್ಟಿದ್ರು. ಸುಮಾರು ಒಂದು ಗಂಟೆಗೆ ವಿಟ್ಸ್‌ನೌ ಬರತ್ತೆ, ಇಳಿದ್ರೆ ಎದುರಿಗೇ ರಿಗಿ ಬೆಟ್ಟದ ಕೆಂಪು ಹಲ್ಲುಗಾಲಿ ಟ್ರೈನು. 1871ರಲ್ಲಿ ಶುರುವಾದ ಇದು ಯೂರೋಪಿನ ಮೊದಲನೇ ಬೆಟ್ಟದ ರೈಲು. ತುದಿವರೆಗೂ ಪಾಸಲ್ಲೇ ಹೋಗ್ಬಹುದು, ಒಂದು ಫ್ರಾಂಕೂ ಎಕ್ಸ್‌ಟ್ರಾ ಇಲ್ಲ. ಬರೋವಾಗ ಅದೇ ದಾರಿ ಹಿಡೀಬೇಡಿ, ಮಧ್ಯದ ಸ್ಟೇಷನ್ ಕಾಲ್ಟ್‌ಬಾಡಲ್ಲಿ ಇಳಿದು ಕೇಬಲ್ ಕಾರಲ್ಲಿ ವೆಗ್ಗಿಸ್‌ಗೆ ಬಂದು ಅಲ್ಲಿಂದ ಬೋಟ್ ಹಿಡಿರಿ, ಇದೂ ಪಾಸಲ್ಲೇ. ಕೇಬಲ್ ಕಾರ್ ಸ್ಟೇಷನ್ನಿಂದ ದಡಕ್ಕೆ ಸ್ವಲ್ಪ ಇಳಿಜಾರಲ್ಲಿ ನಡೀಬೇಕು, ಮಂಡಿ ನೋವಿರೋರು ನಿಧಾನಕ್ಕೆ ಇಳೀಲಿ. ನನ್ನ ಕೇಳಿದ್ರೆ ಇಡೀ ಪಾಸಿನ ಬೆಸ್ಟ್ ದಿನ ಇದೇ. ಅಮ್ಮನಿಗೆ ಹಿಮದ ಬೆಟ್ಟ ಯೂಂಗ್‌ಫ್ರಾವ್‌ಗಿಂತ ರಿಗಿನೇ ಇಷ್ಟ ಆಯ್ತು, ಉಸಿರು ಕಟ್ಟೋ ಎತ್ತರ ಇಲ್ಲ, ಹುಲ್ಲುಗಾವಲು, ಹಸುಗಳ ಗಂಟೆ ಸದ್ದು, ಕೆಳಗೆ ಸುತ್ತಲೂ ಕೆರೆಗಳು.

ಇಂಟರ್ಲಾಕನ್ ಎರಡು ಕೆರೆ ಮಧ್ಯ ಇರೋ ಊರು, ತುನ್ ಒಂದು ಕಡೆ, ಬ್ರಿಯೆಂಜ್ ಇನ್ನೊಂದು ಕಡೆ. ಬೋಟುಗಳು ಎರಡು ಬೇರೆ ಬೇರೆ ಸ್ಟೇಷನ್ ಹತ್ರದಿಂದ ಹೊರಡ್ತವೆ, ಬ್ರಿಯೆಂಜಿಗೆ ಓಸ್ಟ್, ತುನ್‌ಗೆ ವೆಸ್ಟ್, ಇದನ್ನ ನೆನಪಿಟ್ಕೊಳ್ಳಿ. ಒಂದೇ ಮಧ್ಯಾಹ್ನ ಟೈಮ್ ಇದ್ರೆ ಬ್ರಿಯೆಂಜೇ ಮಾಡಿ, ಆ ನೀರಿನ ಹಸಿರು ನೀಲಿ ಬಣ್ಣ ಫೋಟೋದಲ್ಲಿ ಸರಿಯಾಗಿ ಬರೋದೇ ಇಲ್ಲ. ಪಕ್ಕದ ಲೌಟರ್‌ಬ್ರುನ್ನನ್‌ಗೂ ಟ್ರೈನ್ ಪಾಸಲ್ಲೇ, ಅಲ್ಲಿ ಊರ ಪಕ್ಕಾನೇ ಸ್ಟೌಬ್‌ಬಾಖ್ ಜಲಪಾತ ಸುಮಾರು 300 ಮೀಟರ್ ಮೇಲಿಂದ ಬೀಳತ್ತೆ, ನಮ್ಮ ಜೋಗ 253 ಮೀಟರ್. ಎತ್ತರ ಇದ್ರದ್ದೇ ಜಾಸ್ತಿ, ಆದ್ರೆ ಮಳೆಗಾಲದ ಜೋಗದ ಆರ್ಭಟ ಇಲ್ಲಿಲ್ಲ, ತೆಳ್ಳಗೆ ಗಾಳಿಗೆ ಹಾರೋ ಪಂಚೆ ಥರ ಇದು.

ಈಗ ಪಾಸಿನ ವೀಕ್ ಪಾಯಿಂಟ್. ದೊಡ್ಡ ಬೆಟ್ಟಗಳು ಫ್ರೀ ಅಲ್ಲ. ಪಿಲಾಟುಸ್, ಟಿಟ್ಲಿಸ್, ಜರ್ಮಾಟ್ ಮೇಲಿನ ಗೋರ್ನರ್‌ಗ್ರಾಟ್ ಇವಕ್ಕೆಲ್ಲಾ ಅರ್ಧ ದುಡ್ಡು ಕೊಡ್ಬೇಕು. ಯೂಂಗ್‌ಫ್ರಾವ್ ಮೇಲೆ 3,454 ಮೀಟರ್ ಎತ್ತರದಲ್ಲಿರೋ ರೈಲು ಸ್ಟೇಷನ್ ಯೂಂಗ್‌ಫ್ರಾವ್‌ಯೋಖ್‌ಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್‌ವರೆಗೆ ಮಾತ್ರ ಪಾಸ್, ಆಮೇಲೆ ಸಿಗೋದು ಬರೀ 25 ಪರ್ಸೆಂಟ್ ರಿಯಾಯಿತಿ, ಆ ಬಾಕಿ ದುಡ್ಡು ಕೊಡೋವಾಗ ನಿಜವಾಗ್ಲೂ ಕೈ ನಡುಗತ್ತೆ. ಬೆಳಿಗ್ಗೆ ಎದ್ದು ಮೇಲಿನ ವೆಬ್‌ಕ್ಯಾಮ್ ನೋಡಿ, ಬಿಳೀ ಮೋಡ ಮುಚ್ಕೊಂಡಿದ್ರೆ ಟಿಕೆಟ್ ತಗೊಳ್ಳಕ್ಕೇ ಹೋಗ್ಬೇಡಿ, ಆವತ್ತು ಕೆರೆ ಕಡೆ ಹೋಗಿ. ದಿನಾ ಒಂದೊಂದು ದೊಡ್ಡ ಬೆಟ್ಟ ಹತ್ತೋ ಪ್ಲಾನ್ ಇರೋರಿಗೆ ಪಾಸಿನ ಬದಲು, ಟಿಕೆಟ್ಟುಗಳನ್ನ ಅರ್ಧ ರೇಟಿಗೆ ಕೊಡ್ಸೋ ಹಾಫ್ ಫೇರ್ ಕಾರ್ಡೇ ಲಾಭ, ಅದ್ರಲ್ಲಿ ಯೂಂಗ್‌ಫ್ರಾವ್‌ಗೂ ಅರ್ಧ ರೇಟು. ಜರ್ಮಾಟಿಂದ ಸೇಂಟ್ ಮಾರಿಟ್ಜ್‌ಗೆ ಬೆಟ್ಟಗಳ ಮಧ್ಯ ಹೋಗೋ ಗ್ಲೇಸಿಯರ್ ಎಕ್ಸ್‌ಪ್ರೆಸ್ ಟ್ರೈನಿಗೆ ಪಾಸ್ ನಡೆಯತ್ತೆ, ಸೀಟ್ ರಿಸರ್ವೇಷನ್‌ಗೆ ಬೇರೆ ದುಡ್ಡು.

ಮಾಂಟ್ರೋ ಕಡೆ ಹೋದ್ರೆ ಶಿಯೋನ್ ಕೋಟೆ ಬಿಡ್ಬೇಡಿ, ಜಿನೀವಾ ಕೆರೆ ದಡದ ಬಂಡೆ ಮೇಲೇ ಕಟ್ಟಿದಾರೆ, ಎಂಟ್ರಿ ಪಾಸಲ್ಲೇ ಸಿಗತ್ತೆ.

ಊಟದ ಖರ್ಚು ಜಾಸ್ತಿನೇ. ಕೋಪ್, ಮಿಗ್ರೋಸ್ ಅಂಗಡಿಲಿ ಮೊಸರು, ಬ್ರೆಡ್ಡು, ಹಣ್ಣು ತಗೊಂಡು ಬೋಟಲ್ಲೇ ಕೂತು ತಿನ್ಬಹುದು, ಊರೂರಲ್ಲೂ ಇರೋ ಬಹುತೇಕ ಕಾರಂಜಿಗಳ ನೀರು ಕುಡಿಯೋಕೆ ಚೆನ್ನಾಗಿದೆ, ಬಾಟಲಿ ಕೊಳ್ಳೋದೇ ಬೇಡ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರ್ತವೆ, ಸ್ಟೇಷನ್ ಒಳಗಿನವು ತೆಗೆದಿರ್ತವೆ.

ತಗೊಳ್ಳೋವಾಗ ನೋಡ್ಬೇಕಾದ್ದು: ಮಾಮೂಲಿ ಪಾಸ್ ಅಂದ್ರೆ ದಿನಗಳು ಸತತವಾಗಿ ಲೆಕ್ಕ ಆಗ್ತವೆ, ಮಧ್ಯ ಮಧ್ಯ ರೆಸ್ಟ್ ತಗೊಳ್ಳೋ ವಯಸ್ಸಾದೋರು ಜೊತೆಗಿದ್ರೆ ಫ್ಲೆಕ್ಸ್ ತಗೊಳ್ಳಿ, ಒಂದು ತಿಂಗಳೊಳಗೆ ಬೇಕಾದ ದಿನ ಆರಿಸ್ಕೊಬಹುದು. 6ರಿಂದ 15 ವರ್ಷದ ಮಕ್ಕಳಿಗೆ ಅಪ್ಪ ಅಥವಾ ಅಮ್ಮನ ಪಾಸ್ ಜೊತೆ, ದುಡ್ಡಿಲ್ದೆ ಅವ್ರ ಜೊತೆಗೇ ಓಡಾಡೋಕೆ ಫ್ಯಾಮಿಲಿ ಕಾರ್ಡ್ ಫ್ರೀ, ಆದ್ರೆ ಪಾಸ್ ಕೊಳ್ಳೋವಾಗ್ಲೇ ಕೇಳಿ ತಗೊಬೇಕು. ಟ್ರೈನಲ್ಲಿ ಚೆಕ್ಕಿಂಗಿನವ್ರು ಪಾಸ್‌ಪೋರ್ಟೂ ಕೇಳ್ತಾರೆ, ರೂಮಲ್ಲಿ ಬಿಟ್ಟು ಬರ್ಬೇಡಿ. ಇನ್ನು ಚಳಿಗಾಲದಲ್ಲಿ ಬೋಟ್ ಓಡಾಟ ತುಂಬಾ ಕಮ್ಮಿ ಆಗತ್ತೆ, ಹಾಗಾಗಿ ನಾನ್ ಹೇಳಿದ ಲೆಕ್ಕ ಬೇಸಿಗೆಲಿ ಹೋಗೋರಿಗೆ.