ಮಳೆಗಾಲದ ಗೋಕರ್ಣದಲ್ಲಿ ಬಾಡಿಗೆ ಸ್ಕೂಟರ್ ಹತ್ತುವ ಮುಂಚೆ ಇದನ್ನು ಓದಿ

ಹೋದ ಜುಲೈನಲ್ಲಿ ನಾನು, ನನ್ನ ತಂಗಿ ಇಬ್ಬರೂ ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಹೋಗಿದ್ದೆವು. ಮೂರು ದಿನದ ಪ್ರವಾಸ ಎರಡನೇ ದಿನವೇ ಕುಮಟಾದ ಒಂದು ಆಸ್ಪತ್ರೆಯಲ್ಲಿ ಮುಗಿಯಿತು. ಬಾಡಿಗೆ ಸ್ಕೂಟರಿನಿಂದ ಬಿದ್ದು ತಂಗಿಯ ಬಲಗೈ ಮಣಿಕಟ್ಟು ಮುರಿಯಿತು. ಈ ಮಳೆಗಾಲದಲ್ಲಿ ಆ ಕಡೆ ಹೊರಟಿದ್ದರೆ ದಯವಿಟ್ಟು ಪೂರ್ತಿ ಓದಿ.

ಮಳೆಗಾಲ ಅಲ್ಲಿ ಸೀಸನ್ ಅಲ್ಲ. ಕುಡ್ಲೆ, ಓಂ ಬೀಚಿನ ಅಂಗಡಿಗಳೆಲ್ಲ ಹೆಚ್ಚುಕಮ್ಮಿ ಮುಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ತದಡಿ ಬಂದರಿನಲ್ಲೂ ಗದ್ದಲ ಇಲ್ಲ. ಆದರೆ ಊರ ಹೊರಗಿನ ಹಸಿರು ನೋಡಬೇಕೆಂದರೆ ಇದೇ ಹೊತ್ತು. ಅಘನಾಶಿನಿ ನದಿ ದಂಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಅದನ್ನು ನೋಡಬೇಕು, ಮಿರ್ಜಾನ್ ಕೋಟೆ ಹತ್ತಬೇಕು ಅಂತ ತಂಗಿಗೆ ಬಹಳ ಆಸೆಯಿತ್ತು.

ರೂಮಿನ ಹತ್ತಿರವೇ ಒಬ್ಬರು ನೀಲಿ ತಾಡಪಾಲಿನ ಕೆಳಗೆ ಏಳೆಂಟು ಸ್ಕೂಟರ್ ನಿಲ್ಲಿಸಿದ್ದರು. ಸೀಸನ್‌ನಲ್ಲಿ ದಿನಕ್ಕೆ 600 ಹೇಳುವ ಗಾಡಿ, 300ಕ್ಕೆ ಕೊಡುತ್ತೇನೆ ಎಂದರು. ನಾವು ಚೌಕಾಸಿಯನ್ನೂ ಮಾಡಿರಲಿಲ್ಲ. ಬಟನ್‌ಗೆ ಸ್ಟಾರ್ಟ್ ಆಗಲಿಲ್ಲ, ಹತ್ತಿಪ್ಪತ್ತು ಕಿಕ್ ಹೊಡೆದರು. "ಮಳೆಗೆ ನಿಂತಿತ್ತಲ್ಲ ಮೇಡಂ, ಓಡಿಸಿದ್ರೆ ಸರಿ ಆಗ್ತದೆ" ಎಂದರು. ಒಂದೇ ಹೆಲ್ಮೆಟ್ ಕೊಟ್ಟರು. ನನ್ನ ಒರಿಜಿನಲ್ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡರು. ನಾನು ಒಂದಕ್ಕೂ ಬೇಡ ಅನ್ನಲಿಲ್ಲ.

ಮೊದಲ ದಿನ ಮಾದನಗೇರಿ ದಾಟಿ ಹೈವೇಯಲ್ಲಿ ಮಿರ್ಜಾನಿಗೆ ಹೋಗಿ ಬಂದೆವು. ಕೋಟೆಯ ಕೆಂಪು ಕಲ್ಲಿನ ಗೋಡೆ ಪೂರ್ತಿ ಹಸಿರಾಗಿತ್ತು. ಹೋಗುವಾಗ ಬರುವಾಗ ನನ್ನ ಕಣ್ಣೆಲ್ಲ ಪಕ್ಕದ ಗುಡ್ಡದ ಮೇಲೆ. ಇದೇ ಹೆದ್ದಾರಿ 66ರಲ್ಲಿ, ಅಂಕೋಲೆಯ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತಿದ್ದು ಮರೆಯೋಕೆ ಆಗುತ್ತಾ? ಗುಡ್ಡ ಕಡಿದ ಕಡೆ ಎಲ್ಲೂ ನಿಲ್ಲಲಿಲ್ಲ. ಗುಡ್ಡಕ್ಕೆ ಅಷ್ಟು ಹೆದರಿದವಳು ಕೈಯಲ್ಲಿದ್ದ ಬ್ರೇಕ್ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಓಂ ಬೀಚಿನ ಇಳಿಜಾರು. ಸಣ್ಣ ಮಳೆ, ರಸ್ತೆಯ ಅಂಚಿಗೆ ಪಾಚಿ. ಗಾಡಿ ಓಟ ಹಿಡಿಯಿತು ಅಂತ ಎರಡೂ ಬ್ರೇಕ್ ಹಿಡಿದೆ. ಬಲಗಡೆಯ ಲಿವರ್ ಟಪ್ ಅಂತ ಹ್ಯಾಂಡಲ್‌ಗೆ ಬಂದು ತಾಗಿತು. ಮುಂದಿನ ಬ್ರೇಕ್ ಇಲ್ಲ. ಗಾಬರಿಯಲ್ಲಿ ಎಡಗಡೆಯದನ್ನು ಇನ್ನೂ ಗಟ್ಟಿ ಹಿಡಿದೆ. ಹಿಂದಿನ ಚಕ್ರ ತಿರುಗೋದು ನಿಂತು ಪಾಚಿಯ ಮೇಲೆ ಜಾರಿತು. ತಂಗಿ ಕೈ ಊರಿಕೊಂಡು ಬಿದ್ದಳು. ಅವಳ ತಲೆಗೆ ಹೆಲ್ಮೆಟ್ ಇರಲಿಲ್ಲ. ತಲೆಗೆ ಪೆಟ್ಟು ಬೀಳದೆ ಇದ್ದದ್ದು ದೇವರ ದಯೆ, ಅಷ್ಟೇ.

ಸೀಸನ್‌ನಲ್ಲಾದರೆ ಆ ರಸ್ತೆಯಲ್ಲಿ ಆಟೋ ಸಾಲುಗಟ್ಟಿ ನಿಂತಿರುತ್ತವೆ. ಅವತ್ತು ಅರ್ಧ ಗಂಟೆ ಒಂದು ನರಪಿಳ್ಳೆ ಬರಲಿಲ್ಲ. ಕೊನೆಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಅಜ್ಜ ಒಬ್ಬರು ಬಂದು, ತಂಗಿಯ ಕೈಯನ್ನು ತಮ್ಮ ಟವೆಲಿನಲ್ಲಿ ಕತ್ತಿಗೆ ಕಟ್ಟಿ, ಊರೊಳಗಿಂದ ಆಟೋ ಕರೆಸಿದರು. "ಮಳೆಗಾಲದಲ್ಲಿ ಈ ಇಳಿಜಾರಲ್ಲಿ ನಾವೂ ಗಾಡಿ ದೂಡ್ಕಂಡೇ ಇಳಿಯೂದು ತಂಗೀ" ಎಂದರು. ಅವರ ಹೆಸರನ್ನೂ ಕೇಳಲಿಲ್ಲ ನಾನು.

ಆಟೋ ಕಾಯುವಾಗ ಬ್ರೇಕ್ ಕೇಬಲ್ ನೋಡಿದೆ. ಲಿವರ್ ಹತ್ತಿರ ಅದರ ಎಳೆಗಳು ಪೂರ್ತಿ ತುಕ್ಕು ಹಿಡಿದು ಕಂದು ಬಣ್ಣ. ಎರಡು ಮೂರು ಎಳೆ ಮಾತ್ರ ಆಗಷ್ಟೇ ಹರಿದ ಹಾಗೆ ಹೊಳೆಯುತ್ತಿದ್ದವು. ಉಳಿದವು ಯಾವತ್ತೋ ಹರಿದಿದ್ದವು. ಕಡಲ ಪಕ್ಕದ ಉಪ್ಪುಗಾಳಿ, ಮಳೆ, ಓಡಿಸದೆ ನಿಲ್ಲಿಸಿದ ಗಾಡಿ. ಕಡಿಮೆ ಬಾಡಿಗೆಗೆ ಸಿಕ್ಕಿದ್ದು ಇದು.

ಕೇಡು ಅಲ್ಲಿಗೇ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಕೂತು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದೆ. ವಿಮೆ ಮುಗಿದು ಏಳು ತಿಂಗಳಾಗಿತ್ತು. ಇದ್ದಿದ್ದರೂ ಕಷ್ಟವೇ, ಯಾಕೆಂದರೆ ಅದು ವೈಟ್ ಬೋರ್ಡ್ ಗಾಡಿ. ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟ್ ಎಂದರೆ ಸ್ವಂತ ಬಳಕೆಯದು. ಅದನ್ನು ಬಾಡಿಗೆಗೆ ಕೊಟ್ಟಾಗ ಅಪಘಾತವಾದರೆ ವಿಮಾ ಕಂಪನಿ ತಗಾದೆ ತೆಗೆಯುತ್ತದೆ. ನಾನು ದಾರಿಯಲ್ಲಿ ಹೋಗುವ ಯಾರಿಗಾದರೂ ಗುದ್ದಿದ್ದರೆ? ಆ ಯೋಚನೆ ಬಂದರೆ ಈಗಲೂ ನಿದ್ದೆ ಬರುವುದಿಲ್ಲ.

ಗಾಡಿ ಕೊಟ್ಟವರು ಮಾತ್ರ ತಂಗಿ ಹೇಗಿದ್ದಾಳೆ ಅಂತ ಕೇಳಲಿಲ್ಲ. ಮುರಿದ ಮಡ್‌ಗಾರ್ಡ್, ಕನ್ನಡಿ, ಗೀರು ಎಲ್ಲ ಸೇರಿಸಿ 14,000 ಕೇಳಿದರು. ಲೈಸೆನ್ಸ್ ಅವರ ಕೈಯಲ್ಲಿತ್ತು. ತಂಗಿಯನ್ನು ಬೇಗ ಊರಿಗೆ ಕರೆದುಕೊಂಡು ಹೋಗಬೇಕಿತ್ತು. 8,000 ಕೊಟ್ಟು ಬಿಡಿಸಿಕೊಂಡೆ. ಕೊಡಬಾರದಿತ್ತು, ಪೊಲೀಸರ ಹತ್ತಿರ ಹೋಗಬೇಕಿತ್ತು. ಆ ಹೊತ್ತಿಗೆ ಧೈರ್ಯ ಬರಲಿಲ್ಲ.

ನೀವು ಹೀಗೆ ಮಾಡಬೇಡಿ. ಪ್ಲೇಟ್ ಬಿಳಿ ಇದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ತಗೋಬೇಡಿ. ಕಪ್ಪು ಪ್ಲೇಟ್ ಇದ್ದರೂ ನಂಬರ್ ಹಾಕಿ ವಿಮೆ ನೋಡಿ. ಎರಡೂ ಬ್ರೇಕನ್ನು ಬೇರೆ ಬೇರೆ ಹಿಡಿದು ಗಾಡಿ ತಳ್ಳಿ ನೋಡಿ. ಲಿವರ್ ಪಕ್ಕದ ರಬ್ಬರ್ ಸರಿಸಿ ಕೇಬಲ್ ಕಣ್ಣಾರೆ ನೋಡಿ, ಟೈರಿನ ಮೇಲೆ ಬೆರಳಾಡಿಸಿ. ಎರಡು ಹೆಲ್ಮೆಟ್ ಕೊಡದಿದ್ದರೆ ಹೊರಡಬೇಡಿ. ಲೈಸೆನ್ಸ್ ಜೆರಾಕ್ಸ್ ಕೊಡಿ, ಒರಿಜಿನಲ್ ಯಾವ ಕಾರಣಕ್ಕೂ ಬೇಡ. ಗಾಡಿಯ ಸುತ್ತ ಒಂದು ವಿಡಿಯೋ, ಮಾಲೀಕರ ಎದುರಿಗೇ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಿರ್ಜಾನಿಗೆ ಕುಮಟಾ ಬಸ್ಸಿನಲ್ಲೇ ಹೋಗಬಹುದಿತ್ತು. ತಂಗಿಯ ಕೈ ಮೂಳೆಗೆ ಲೋಹದ ಪ್ಲೇಟ್ ಹಾಕಿದ್ದಾರೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಪೆನ್ನು ಹಿಡಿಯುತ್ತಾಳೆ, ಬಟ್ಟೆ ಮಡಚುತ್ತಾಳೆ. ರೊಟ್ಟಿ ಬಡಿಯೋಕೆ ಇನ್ನೂ ಆಗುತ್ತಿಲ್ಲ.