ಪರದೆ ಕಪ್ಪಾಗಿದೆ ಎಂದು ಪವರ್ ಬಟನ್ ಅದುಮಿ ಹಿಡಿಯಬೇಡಿ

ಅಮ್ಮನ ಧ್ವನಿಯಿದ್ದ 11 ರೆಕಾರ್ಡಿಂಗ್‌ಗಳನ್ನು ನಾನು ಕೈಯಾರೆ ಹಾಳು ಮಾಡಿಕೊಂಡೆ. ವೈರಸ್ ಬಂದದ್ದಲ್ಲ, ಡಿಸ್ಕ್ ಹಳತಾದದ್ದೂ ಅಲ್ಲ. ಸ್ಲೀಪ್‌ನಿಂದ ಏಳದ ಕಂಪ್ಯೂಟರನ್ನು ಪವರ್ ಬಟನ್ ಹಿಡಿದು ಆರಿಸುವ ಅಭ್ಯಾಸದಿಂದ ಆದದ್ದು. ನಿಮ್ಮ ಮನೆಯಲ್ಲೂ ಇದೇ ನಡೆಯುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಎರಡು ತಿಂಗಳು ಹೀಗೇ ನಡೆಯಿತು. ರಾತ್ರಿ ಸ್ಲೀಪ್‌ಗೆ ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ಕೀಬೋರ್ಡ್ ಮುಟ್ಟಿದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಒಂದೆರಡು ನಿಮಿಷ ಕಾದು, ಬಟನ್ ಹಿಡಿದು ಆರಿಸಿ, ಮತ್ತೆ ಆನ್ ಮಾಡುತ್ತಿದ್ದೆ. ಪ್ರತಿ ಸಲವೂ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತಿತ್ತು, ಹಾಗಾಗಿ ಭಯವೇ ಹೋಗಿಬಿಟ್ಟಿತ್ತು. ರಿಪೇರಿಯವರು ಬಂದು ಪವರ್ ಸಪ್ಲೈ ವೀಕ್ ಆಗಿದೆ ಎಂದು ಬದಲಿಸಿದರು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕತೆ. ಮುಂದಿನ ಸಲಹೆ ಮದರ್‌ಬೋರ್ಡ್ ಬದಲಿಸಿ ಎಂದು. ವಿಂಡೋಸ್ ತಾನೇ ಬರೆದಿಟ್ಟಿದ್ದ ದಾಖಲೆಯನ್ನು ಅವರೂ ತೆರೆದು ನೋಡಲಿಲ್ಲ, ನಾನೂ ನೋಡಲಿಲ್ಲ.

ಒಂದು ಬೆಳಿಗ್ಗೆ ಹಾಗೆಯೇ ಆರಿಸಿ ಆನ್ ಮಾಡಿದೆ. ಯುಎಸ್‌ಬಿ ಹಾರ್ಡ್ ಡಿಸ್ಕ್ ತೆರೆಯಹೋದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ. ಪುಣ್ಯಕ್ಕೆ ಅದನ್ನು ಒತ್ತಲಿಲ್ಲ. ಜಾಗ ಸಾಲದೆಂದು ರೆಕಾರ್ಡಿಂಗ್‌ಗಳನ್ನು ಕಾಪಿ ಮಾಡದೆ ಕಟ್ ಮಾಡಿ ಆ ಡಿಸ್ಕಿಗೆ ಸಾಗಿಸಿದ್ದೆ, ಬೇರೆಲ್ಲೂ ಪ್ರತಿ ಇರಲಿಲ್ಲ. ಡೇಟಾ ರಿಕವರಿ ಮಾಡುವವರು ಬಹುಪಾಲು ಫೈಲುಗಳನ್ನು ತೆಗೆದುಕೊಟ್ಟರು. 11 ಫೈಲುಗಳಿಗೆ ಹೆಸರಿದೆ, ಒಳಗೆ ಧ್ವನಿಯಿಲ್ಲ.

ಆಮೇಲೆ, ವಿಂಡೋಸ್ ಬರೆದಿಡುವ ಆ ದಾಖಲೆಯನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ಲಾಗ್ಸ್ ಕೆಳಗೆ ಸಿಸ್ಟಮ್ ಎಂಬಲ್ಲಿ, ನಾನು ಬಟನ್ ಹಿಡಿದ ಪ್ರತಿ ಬೆಳಿಗ್ಗೆಯೂ ‘ಕರ್ನಲ್-ಪವರ್ 41’ ಇತ್ತು. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಎಂದು ಅದರರ್ಥ. ಎದೆ ಧಸಕ್ಕೆಂದದ್ದು ಅದಕ್ಕಿಂತ ಮುಂಚಿನ ನಮೂದು ಓದಿದಾಗ. ‘ಪವರ್-ಟ್ರಬಲ್‌ಶೂಟರ್’ ಎಂಬ ಹೆಸರಿನ ಆ ನಮೂದಿನಲ್ಲಿ ಯಂತ್ರ ಎದ್ದ ಸಮಯವೂ ಎಬ್ಬಿಸಿದ್ದು ಯಾವುದು ಎಂಬುದೂ ಇರುತ್ತದೆ. ಅಂದರೆ ನನ್ನ ಕಂಪ್ಯೂಟರ್ ಪ್ರತಿದಿನವೂ ಸರಿಯಾಗಿಯೇ ಎದ್ದಿತ್ತು. ಏಳದೇ ಇದ್ದದ್ದು ಮಾನಿಟರ್! ಡಿಸ್ಕ್ ಹಾಳಾದ ದಿನ ರಾತ್ರಿ 2ಕ್ಕೇ ಟೈಮರ್ ಅದನ್ನು ಎಬ್ಬಿಸಿತ್ತು. ನಾನೇ ನಿಗದಿ ಮಾಡಿದ್ದ ಬ್ಯಾಕಪ್ ಅದು. ಬೆಳಿಗ್ಗೆಯೂ ಅದು ಡಿಸ್ಕಿಗೆ ಬರೆಯುತ್ತಲೇ ಇದ್ದಾಗ ನಾನು ಹೋಗಿ ಕರೆಂಟ್ ಕಿತ್ತಂತೆ ಮಾಡಿದ್ದೆ.

ಕಪ್ಪು ಪರದೆ ಕಂಡರೆ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹೊತ್ತಿ ಆರಿದರೆ ಯಂತ್ರ ಬದುಕಿದೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗಿ ಎಷ್ಟೋ ಸಲ ಪರದೆ ಬರುತ್ತದೆ. ಬರದಿದ್ದರೆ ಮಾನಿಟರ್‌ನ ಸ್ವಿಚ್ ಆರಿಸಿ ಹಾಕಿ, ಕೇಬಲ್ ಕಳಚಿ ಸಿಕ್ಕಿಸಿ. ಆಗಲೂ ಆಗದಿದ್ದರೆ ಪವರ್ ಬಟನ್ ಒಮ್ಮೆ ಒತ್ತಿ ಕೈ ತೆಗೆಯಿರಿ. ಸೆಟ್ಟಿಂಗ್ ಹೇಗಿದೆಯೋ ಹಾಗೆ ಅದು ಕ್ರಮವಾಗಿ ಶಟ್‌ಡೌನ್ ಆಗುತ್ತದೆ ಅಥವಾ ಮತ್ತೆ ಸ್ಲೀಪ್‌ಗೆ ಹೋಗುತ್ತದೆ. ಬಟನ್ನನ್ನು 4 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವಿಂಡೋಸನ್ನು ಕೇಳದೆಯೇ ವಿದ್ಯುತ್ ಕಡಿದುಹೋಗುತ್ತದೆ. ಯಂತ್ರ ನಿಜವಾಗಿ ಎದ್ದೇ ಇಲ್ಲದಿದ್ದರೂ, ಸ್ಲೀಪ್‌ನಲ್ಲಿ ನಿಮ್ಮ ಸೇವ್ ಆಗದ ಕೆಲಸ ಇರುವುದು ರ್‍ಯಾಮ್‌ನಲ್ಲಿ. ವಿದ್ಯುತ್ ಹೋದರೆ ಅದೂ ಹೋಯಿತು. ಹೈಬರ್ನೇಟ್ ಆದರೆ ಡಿಸ್ಕಿಗೆ ಬರೆದಿಡುತ್ತದೆ, ಅಷ್ಟರಮಟ್ಟಿಗೆ ಅದು ವಾಸಿ.

ಕ್ಯಾಪ್ಸ್ ಲಾಕ್ ದೀಪವೂ ಕದಲದಿದ್ದರೆ ತೊಂದರೆ ಬೇರೆ ಕಡೆ ಇರಬಹುದು: ಗ್ರಾಫಿಕ್ಸ್ ಡ್ರೈವರ್, ಹಳೆಯ ಬಯಾಸ್ (ಯಂತ್ರವನ್ನು ಶುರು ಮಾಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ), ರ್‍ಯಾಮ್‌ಗೆ ಕೊಟ್ಟ ಹೆಚ್ಚಿನ ವೇಗ. ಕಾರಣ ಸಿಗುವವರೆಗೆ ಸ್ಲೀಪ್ ಅನ್ನು ‘ನೆವರ್’ಗೆ ಇಟ್ಟು, ಪರದೆ ಮಾತ್ರ ಆರುವಂತೆ ಮಾಡಿ. ಬಿಡಿಭಾಗಕ್ಕೆ ದುಡ್ಡು ಸುರಿಯುವ ಮುನ್ನ ಈವೆಂಟ್ ವ್ಯೂವರ್ ನೋಡಿ, ರಿಪೇರಿಗೆ ಬಂದವರಿಗೂ ತೋರಿಸಿ.

ರಾತ್ರಿ ತಾನಾಗಿ ಏಳುವ ಯಂತ್ರವಾದರೆ ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್ ಆಫ್ ಮಾಡಬಹುದು. ನೆಟ್‌ವರ್ಕ್ ಕಾರ್ಡ್ ಮತ್ತು ಮೌಸ್ ಕೂಡ ಎಬ್ಬಿಸುತ್ತವೆ, ಡಿವೈಸ್ ಮ್ಯಾನೇಜರ್‌ನಲ್ಲಿ ಅವುಗಳ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು ಅನುಮತಿ ತೆಗೆಯಿರಿ.

ನನ್ನ ಮಾನಿಟರ್‌ನ ಮೆನುವಿನಲ್ಲೇ ಡೀಪ್ ಸ್ಲೀಪ್ ಎಂಬ ಆಯ್ಕೆ ಇತ್ತು. ಅದನ್ನು ಆಫ್ ಮಾಡಿದ ದಿನದಿಂದ ಕಪ್ಪು ಪರದೆ ಬಂದಿಲ್ಲ. ಬ್ಯಾಕಪ್ಪನ್ನು ನಾನು ಎದುರಿಗೆ ಕೂತಿರುವ ಹೊತ್ತಿಗೆ ಬದಲಿಸಿದ್ದೇನೆ, ಮುಗಿದ ಮೇಲೆ ಡಿಸ್ಕ್ ಕಳಚಿಡುತ್ತೇನೆ. ತೆಗೆದುಹಾಕಿದ ಹಳೆಯ ಪವರ್ ಸಪ್ಲೈಯನ್ನು ಮತ್ತೆ ಹಾಕಿ ನೋಡಿದೆ. ಅದಕ್ಕೆ ಏನೂ ಆಗಿರಲಿಲ್ಲ.