ಪುನರ್ಪುಳಿ ಸಿರಪ್: ಬೇಸಿಗೆಯ ಕಾಕ್‌ಟೇಲ್‌ಗೆ ಯಾವ ಬಾಟಲಿಯನ್ನು ಕೊಳ್ಳಬೇಕು?

ಮನೆಯಲ್ಲಿಯೇ ಹಣ್ಣಿನ ಕಾಕ್‌ಟೇಲ್ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕಿತ್ತಳೆ, ಅನಾನಸು, ಸ್ಟ್ರಾಬೆರಿಗಳನ್ನೇ ನೆಚ್ಚಿಕೊಳ್ಳುತ್ತಾರೆ. ಪಶ್ಚಿಮ ಘಟ್ಟದ ಕಾಡಿನಲ್ಲಿಯೂ ತೋಟದ ಅಂಚಿನಲ್ಲಿಯೂ ಬೆಳೆಯುವ ಪುನರ್ಪುಳಿ, ಅಂದರೆ ಶಿರಸಿ, ಸಿದ್ದಾಪುರದ ಕಡೆಯವರ ಮುರುಗಲು, ಈ ಕೆಲಸಕ್ಕೆ ಅವೆಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹುಳಿ, ಬಣ್ಣ ಮತ್ತು ನಾಲಗೆಯ ಅಂಚಿನಲ್ಲಿ ಉಳಿಯುವ ಸಣ್ಣ ಒಗರು ಇವು ಮೂರೂ ಒಂದೇ ಹಣ್ಣಿನಲ್ಲಿ ಸಿಗುವುದರಿಂದ ನಿಂಬೆಯನ್ನು ಬೇರೆಯಾಗಿ ಹಿಂಡುವ ಅಗತ್ಯವೇ ಬೀಳುವುದಿಲ್ಲ. ಆದರೆ ತಾಜಾ ಹಣ್ಣು ಊರಿನವರಿಗಲ್ಲದೆ ಉಳಿದವರಿಗೆ ಸಿಗುವುದು ಕಷ್ಟ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇರುವವರು ಅಂಗಡಿಯ ಸಿರಪ್ಪನ್ನು ಇಲ್ಲವೇ ಒಣ ಸಿಪ್ಪೆಯನ್ನು ಅವಲಂಬಿಸಬೇಕಾಗುತ್ತದೆ. ಹಾಗಾಗಿ ಶಿರಸಿಯ ಗೃಹೋದ್ಯಮವೊಂದರ ಸಿರಪ್, ನಗರದ ದೊಡ್ಡ ಅಂಗಡಿಗಳಲ್ಲಿ ಸಿಗುವ ಕಾರ್ಖಾನೆಯ ಸಿರಪ್ ಮತ್ತು ಪುತ್ತೂರು ಕಡೆಯಿಂದ ಬಂದ ಒಣ ಸಿಪ್ಪೆ, ಈ ಮೂರನ್ನೂ ಒಂದೇ ಪಾನೀಯದಲ್ಲಿ ಬಳಸಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಗೃಹೋದ್ಯಮದ ಬಾಟಲಿಯ ವಿಚಾರ. ಮಾಗಿದ ಹಣ್ಣನ್ನು ಒಡೆದು, ಬೀಜ ತೆಗೆದು, ಸಿಪ್ಪೆ ಮತ್ತು ಸಕ್ಕರೆಯನ್ನು ಭರಣಿಯಲ್ಲಿ ಪದರಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿನಲ್ಲಿಟ್ಟು ರಸ ಬಿಡಿಸುವ ಹಳೆಯ ಕ್ರಮದಲ್ಲಿಯೇ ಇದನ್ನು ತಯಾರಿಸಲಾಗಿದೆ. ಒಲೆಯ ಮೇಲೆ ಕುದಿಸದೆ ಬಿಸಿಲಿಗೇ ಬಿಟ್ಟ ಸಿರಪ್ಪಿನಲ್ಲಿ ಹಣ್ಣಿನ ಪರಿಮಳ ಉಳಿದುಕೊಳ್ಳುತ್ತದೆ. ಕುದಿಸಿದ್ದರಲ್ಲಿ ಬೇಯಿಸಿದ ಜಾಮಿನ ವಾಸನೆ ಮುಂದೆ ಬರುತ್ತದೆ. ಈ ಬಾಟಲಿಯ ಪರಿಮಳ ಮುಚ್ಚಳ ತೆರೆದ ಕೂಡಲೇ ತಿಳಿಯುವಷ್ಟು ಸ್ಪಷ್ಟವಾಗಿದೆ. ಇದರಲ್ಲಿ ಜೀರಿಗೆ ಮತ್ತು ಏಲಕ್ಕಿಯನ್ನೂ ಸೇರಿಸಿದ್ದಾರೆ. ಬರೇ ನೀರಿಗೆ ಬೆರೆಸಿ ಕುಡಿಯುವ ಶರಬತ್ತಿಗೆ ಜೀರಿಗೆ ಒಪ್ಪುತ್ತದೆಯಾದರೂ ಜಿನ್ನಿನಲ್ಲಿರುವ ಜುನಿಪರ್ ಕಾಯಿಯ ವಾಸನೆಯೊಂದಿಗೆ ಅದು ಹೊಂದಿಕೊಳ್ಳುವುದಿಲ್ಲ. ಜೀರಿಗೆ ಹಾಕದ ಬಾಟಲಿಯನ್ನು ಕೇಳಿ ಪಡೆಯುವುದು ಉತ್ತಮ, ಏಲಕ್ಕಿ ಇದ್ದರೆ ತೊಂದರೆಯಿಲ್ಲ.

ಬಣ್ಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಳ್ಳುವವರು ಹೆಚ್ಚಾಗಿ ಬಣ್ಣ ನೋಡಿಯೇ ಬಾಟಲಿ ಎತ್ತಿಕೊಳ್ಳುತ್ತಾರೆ. ಪುನರ್ಪುಳಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯಗಳಿಂದ ಬರುತ್ತದೆ. ಬೆಳಕು, ಬಿಸಿ ಮತ್ತು ಕಾಲ ಇವು ಮೂರಕ್ಕೂ ಆ ವರ್ಣದ್ರವ್ಯ ಕುಗ್ಗುತ್ತದೆ. ಹಣ್ಣು ಮಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಆದ್ದರಿಂದ ಮಾರ್ಚಿನ ಬಿಸಿಲಿಗೆ ನಾವು ಕೊಳ್ಳುವ ಬಾಟಲಿ ಹಿಂದಿನ ವರ್ಷದ ಹಣ್ಣಿನದೇ ಆಗಿರುತ್ತದೆ. ಅಷ್ಟು ತಿಂಗಳು ಕಳೆದ ಸಿರಪ್ ತುಸು ಕಂದಿ ಇಟ್ಟಿಗೆಯ ಕೆಂಪಿಗೆ ತಿರುಗಿದ್ದರೆ ಅದು ಸಹಜ, ತಿರುಗದೆ ಕಣ್ಣು ಕೋರೈಸುವಂತಿದ್ದರೆ ಲೇಬಲ್ಲನ್ನು ಓದಬೇಕು. ಶಿರಸಿಯ ಬಾಟಲಿ ಕಂದಿತ್ತು. ಕಾರ್ಖಾನೆಯ ಬಾಟಲಿ ಥಳಥಳ ಹೊಳೆಯುತ್ತಿತ್ತು, ಅದರ ಲೇಬಲ್ಲಿನಲ್ಲಿ ಐಎನ್ಎಸ್ 122 ಎಂದು ನಮೂದಾಗಿತ್ತು. ಅದು ಕಾರ್ಮೋಯಿಸಿನ್ ಎಂಬ ಕೃತಕ ಬಣ್ಣದ ಸಂಖ್ಯೆ. ಲೇಬಲ್ಲಿನ ಮೇಲೆ ನಂಬಿಕೆ ಸಾಲದಿದ್ದರೆ ಮನೆಯಲ್ಲಿಯೇ ಒಂದು ಸರಳ ಪರೀಕ್ಷೆ ಮಾಡಬಹುದು. ಒಂದು ಚಮಚ ಸಿರಪ್ಪನ್ನು ಅರ್ಧ ಲೋಟ ನೀರಿಗೆ ಬೆರೆಸಿ, ನೊರೆ ಏಳುವುದು ನಿಲ್ಲುವವರೆಗೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಬೇಕು. ಹುಳಿ ಕಳೆದಂತೆ ಹಣ್ಣಿನ ಸಹಜ ಬಣ್ಣ ನೇರಳೆಗೂ ನಂತರ ಕಪ್ಪಿಟ್ಟ ನೀಲಿಗೂ ತಿರುಗುತ್ತದೆ. ಕೃತಕ ಬಣ್ಣ ಕೆಂಪಾಗಿಯೇ ನಿಂತಿರುತ್ತದೆ. ಇಷ್ಟಾಗಿ, ನಿಗದಿತ ಮಿತಿಯೊಳಗೆ ಆ ಬಣ್ಣಕ್ಕೆ ಕಾನೂನಿನ ಅನುಮತಿಯಿದೆ; ನನ್ನ ಆಕ್ಷೇಪವಿರುವುದು ರುಚಿಯ ಬಗ್ಗೆ. ಬಣ್ಣವನ್ನು ಹೊರಗಿನಿಂದ ತಂದು ತುಂಬಿದ ಬಾಟಲಿಯಲ್ಲಿ ಹುಳಿಯೂ ಹಣ್ಣಿನದಾಗಿರದೆ ಸಿಟ್ರಿಕ್ ಆಮ್ಲದ್ದಾಗಿತ್ತು, ಒಗರು ಇರಲೇ ಇಲ್ಲ. ಆ ಒಗರು ಇಲ್ಲದಿದ್ದರೆ ಕಾಕ್‌ಟೇಲ್ ಕೆಂಪು ಸೋಡಾವಾಗಿ ಮುಗಿಯುತ್ತದೆ.

ಎರಡೂ ಸಿರಪ್ಪುಗಳಿಗೆ ಸಮಾನವಾದ ಒಂದು ಮಿತಿಯಿದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಹಣ್ಣಿನ ಸಿರಪ್ ಎಂದು ಕರೆಸಿಕೊಳ್ಳಬೇಕಾದರೆ ಕನಿಷ್ಠ 25 ಶೇಕಡಾ ಹಣ್ಣಿನ ರಸವೂ 65 ಶೇಕಡಾ ಕರಗಿದ ಘನಾಂಶವೂ ಇರಬೇಕು. ಆ ಘನಾಂಶದಲ್ಲಿ ಬಹುಪಾಲು ಸಕ್ಕರೆಯೇ. ಸಿರಪ್ ಕೆಡದೆ ಉಳಿಯುವುದು ಆ ಸಕ್ಕರೆಯಿಂದಲೇ ಎಂಬುದೂ ನಿಜ. ಆದರೆ ಪರಿಣಾಮವಾಗಿ ಎಷ್ಟು ಸಿಹಿಗೆ ಎಷ್ಟು ಹುಳಿ ಎಂಬುದನ್ನು ತಯಾರಕರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಹುಳಿ ಹೆಚ್ಚು ಬೇಕೆಂದು ಸಿರಪ್ ಹೆಚ್ಚು ಸುರಿದರೆ ಸಿಹಿಯೂ ಜೊತೆಗೆ ಏರುತ್ತದೆ.

ಒಣ ಸಿಪ್ಪೆ ಗೆಲ್ಲುವುದು ಇಲ್ಲಿಯೇ. ಒಂದು ಹಿಡಿ ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕೈಯಿಂದ ಕಿವುಚಿ ಸೋಸಿಕೊಂಡರೆ ಸಕ್ಕರೆಯ ಸೋಂಕಿಲ್ಲದ ಗಟ್ಟಿ ಹುಳಿರಸ ಸಿಗುತ್ತದೆ. ಗಾಜಿನ ಇಲ್ಲವೇ ಸ್ಟೀಲಿನ ಪಾತ್ರೆಯನ್ನೇ ಬಳಸಬೇಕು, ಈ ಹುಳಿಗೆ ಅಲ್ಯೂಮಿನಿಯಂ ಸಲ್ಲದು. ಸಿಹಿಯನ್ನು ಬೇಕಾದಷ್ಟು ಬೇಕಾದ ರೂಪದಲ್ಲಿ ಬೆರೆಸಿಕೊಳ್ಳುವ ಸ್ವಾತಂತ್ರ್ಯ ಇದರಿಂದ ಸಿಗುತ್ತದೆ: ಬಣ್ಣ ತಿಳಿಯಾಗಿರಬೇಕಾದರೆ ಸಕ್ಕರೆ ಪಾಕ, ರುಚಿ ಗಾಢವಾಗಿರಬೇಕಾದರೆ ಶಿರಸಿ ಸೀಮೆಯ ಜೋನಿಬೆಲ್ಲ, ಅಂದರೆ ದ್ರವರೂಪದ ಬೆಲ್ಲ. ಜೋನಿಬೆಲ್ಲ ಬಣ್ಣವನ್ನು ಮಂಕು ಮಾಡುತ್ತದೆಯಾದರೂ ಡಾರ್ಕ್ ರಮ್ಮಿನೊಂದಿಗೆ ಅದರ ಸ್ನೇಹ ಬಹಳ ಗಟ್ಟಿ. ಸಿಪ್ಪೆ ಕೊಳ್ಳುವಾಗ ಉಪ್ಪು ಹಾಕಿ ಒಣಗಿಸಿದ್ದೋ ಅಲ್ಲವೋ ಎಂದು ಕೇಳಿಕೊಳ್ಳುವುದು ಅಗತ್ಯ, ಎರಡೂ ಬಗೆ ಮಾರುಕಟ್ಟೆಯಲ್ಲಿವೆ. ಹಿಂಡಿ ಉಳಿದ ಸಿಪ್ಪೆ ಮಧ್ಯಾಹ್ನದ ಸಾರಿಗೆ ಹೋಗುತ್ತದೆ.

ನಾನು ಮೂರಕ್ಕೂ ಬಳಸಿದ ಅಳತೆ ಹೀಗಿದೆ. ಎತ್ತರದ ಲೋಟದ ತಳಕ್ಕೆ 25 ಮಿಲಿಲೀಟರ್ ಸಿರಪ್ ಹಾಕಿ, ಅದರಲ್ಲಿ ಒಂದು ಚಿಟಿಕೆ ಉಪ್ಪನ್ನು ಪೂರ್ತಿ ಕರಗಿಸಬೇಕು. ಸಿಪ್ಪೆಯ ರಸವಾದರೆ 30 ಮಿಲಿಲೀಟರ್ ರಸಕ್ಕೆ 15 ಮಿಲಿಲೀಟರ್ ಸಕ್ಕರೆ ಪಾಕ ಸಾಕು, ಸಿಪ್ಪೆ ಉಪ್ಪಿನದಾಗಿದ್ದರೆ ಬೇರೆ ಉಪ್ಪು ಬೇಡ. ಉಪ್ಪನ್ನು ಕೊನೆಯಲ್ಲಿ ಉದುರಿಸಿದರೆ ಅದರ ಹರಳುಗಳ ಸುತ್ತ ಸೋಡಾದ ಅನಿಲವೆಲ್ಲ ಗುಳ್ಳೆಗಟ್ಟಿ ಲೋಟ ಉಕ್ಕುತ್ತದೆ, ಆಮೇಲೆ ಉಳಿಯುವುದು ಸಪ್ಪೆ ನೀರು. ನಂತರ ಲೋಟದ ತುಂಬ ಮಂಜುಗಡ್ಡೆ, 45 ಮಿಲಿಲೀಟರ್ ಜಿನ್, ಜಜ್ಜಿದ ಎರಡು ಕಾಳುಮೆಣಸು, ಕೊನೆಗೆ ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿದ 120 ಮಿಲಿಲೀಟರ್ ಸೋಡಾ. ತಳದಲ್ಲಿ ಕುಳಿತ ಸಿರಪ್ಪನ್ನು ಉದ್ದ ಚಮಚದಿಂದ ಒಮ್ಮೆ ಮೇಲಕ್ಕೆತ್ತಿ ಬಿಟ್ಟರೆ ಸಾಕು, ಹೆಚ್ಚು ಕಲಕಬಾರದು. ಮದ್ಯ ಬೇಡವೆನ್ನುವವರು ಜಿನ್ನನ್ನು ಬಿಟ್ಟು, ಅರ್ಧ ಸೋಡಾದ ಬದಲು ಬೊಂಡದ ನೀರನ್ನು, ಅಂದರೆ ಎಳನೀರನ್ನು, ಹಾಕಿಕೊಂಡರೆ ಪಾನೀಯ ಸ್ವಲ್ಪವೂ ಬಡವಾಗುವುದಿಲ್ಲ.

ಗೋವಾದಿಂದ ಬಂದ ಗೇರುಹಣ್ಣಿನ ಫೆನಿ ಸಿಕ್ಕಿದರೆ ಜಿನ್ನಿಗಿಂತ ಅದೇ ಮೇಲು ಎನ್ನುತ್ತೇನೆ. 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಮದ್ಯದ ಗಾಢ ವಾಸನೆಯನ್ನು ಕಿತ್ತಳೆಯ ರಸ ಎದುರಿಸಲಾರದೆ ಸೋಲುತ್ತದೆ, ಪುನರ್ಪುಳಿಯ ಹುಳಿ ಸೋಲುವುದಿಲ್ಲ. ಗೇರು, ಪುನರ್ಪುಳಿ ಎರಡೂ ಒಂದೇ ಕರಾವಳಿಯಲ್ಲಿ, ಒಂದೇ ಬೇಸಿಗೆಯಲ್ಲಿ ಮಾಗುವ ಹಣ್ಣುಗಳು. ಅಳತೆಯನ್ನು ಮಾತ್ರ 30 ಮಿಲಿಲೀಟರಿಗೆ ಇಳಿಸಬೇಕು.

ನನ್ನ ಶಿಫಾರಸು ಹೀಗಿದೆ. ಸಮಯವಿರುವವರು ಒಣ ಸಿಪ್ಪೆಯನ್ನೇ ಕೊಳ್ಳಲಿ. ಅದರ ಪಾನೀಯವೇ ಮೂರರಲ್ಲಿ ಶ್ರೇಷ್ಠವಾಗಿತ್ತು, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದು ಮುಂದಿನ ಹಣ್ಣಿನ ಕಾಲದವರೆಗೂ ಬಾಳುತ್ತದೆ. ನೆಂಟರು ಬಂದಾಗ ತಕ್ಷಣ ಮಾಡಿಕೊಡಬೇಕಾದವರಿಗೆ ಗೃಹೋದ್ಯಮದ ಸಿರಪ್ ಸೂಕ್ತ. ಬೆಲೆ ಕಾರ್ಖಾನೆಯದಕ್ಕಿಂತ ಹೆಚ್ಚಾದರೂ ಕೊಟ್ಟದ್ದು ನಷ್ಟವಾಗುವುದಿಲ್ಲ. ಕಾರ್ಖಾನೆಯ ಆ ಬಾಟಲಿಯನ್ನು ಯಾರಿಗೂ ಶಿಫಾರಸು ಮಾಡಲಾರೆ. ಹೊಸ ಹಣ್ಣಿನ ಸಿರಪ್ ಬೇಕೆನ್ನುವವರು ಮುಂಗಾರಿನ ಹೊತ್ತಿಗೆ ಕೊಳ್ಳುವುದು ಒಳ್ಳೆಯದು, ಬಾಟಲಿಯ ಮೇಲಿನ ತಯಾರಿಕೆಯ ದಿನಾಂಕ ಮೇ ಅಥವಾ ಜೂನ್ ಆಗಿದೆಯೇ ಎಂದು ನೋಡಿಕೊಂಡು, ತೆರೆದ ಮೇಲೆ ಫ್ರಿಜ್ಜಿನ ಕತ್ತಲೆಯಲ್ಲಿಯೇ ಇಡಬೇಕು.